ಇಂಗ್ಲಿಷಿನ ಫ್ರೇಸಲ್ ವರ್ಬ್ ಮತ್ತು ಪ್ರಿಪೊಸಿಷನ್ ಪದಪುಂಜಗಳು

ಗೆಟ್, ಪುಟ್, ಟೇಕ್, ಗೋ, ಕಮ್ ಮುಂತಾದ ಚಿಕ್ಕ ಕ್ರಿಯಾಪದವೊಂದು ಅಪ್, ಔಟ್, ಆಫ್, ಇನ್, ಡೌನ್ ಮುಂತಾದ ಇನ್ನೂ ಚಿಕ್ಕ ಪದದೊಡನೆ ಕೂಡಿ ಒಂದೇ ಕ್ರಿಯಾಪದದಂತೆ ನಡೆದುಕೊಂಡರೆ ಅದನ್ನು ಇಂಗ್ಲಿಷ್ ವ್ಯಾಕರಣದಲ್ಲಿ ಫ್ರೇಸಲ್ ವರ್ಬ್ ಎನ್ನುತ್ತಾರೆ. 'ಗಿವ್' ಎಂದರೆ ಕೊಡು, 'ಅಪ್' ಎಂದರೆ ಮೇಲೆ. 'ಗಿವ್ ಅಪ್' ಎಂದರೆ ಕೈಬಿಡು. ಅದೇ ಚಿಕ್ಕ ಪದ ತನ್ನ ಮುಂದೆ ಒಂದು ನಾಮಪದವನ್ನು ಇಟ್ಟುಕೊಂಡು 'ಆನ್ ದ ಟೇಬಲ್', 'ಅಟ್ ಹೋಮ್', 'ಇನ್ ಟೈಮ್' ಎಂದು ನಿಂತರೆ ಅದು ಪ್ರಿಪೊಸಿಷನ್ ಪದಪುಂಜ. ಎರಡರಲ್ಲೂ ಬಳಕೆಯಾಗುವ ಪದಗಳು ಹೆಚ್ಚುಕಡಿಮೆ ಅವೇ. ಆದ್ದರಿಂದ ಇವನ್ನು ಒಟ್ಟಿಗೇ ನೋಡಬೇಕಾಗುತ್ತದೆ.

ಶಾಲೆಯ ವ್ಯಾಕರಣ ಪುಸ್ತಕಗಳು ಇವನ್ನು ಉದ್ದುದ್ದ ಪಟ್ಟಿಗಳಾಗಿ ಕೊಡುತ್ತವೆ. ಭಾರತದಲ್ಲಿ ತಲೆಮಾರುಗಳು ಓದಿದ ರೆನ್ ಮತ್ತು ಮಾರ್ಟಿನ್ ವ್ಯಾಕರಣದಲ್ಲಿಯೂ ಯಾವ ಪದದ ಮುಂದೆ ಯಾವ ಪ್ರಿಪೊಸಿಷನ್ ಬರುತ್ತದೆಂಬ ಪಟ್ಟಿಯಿದೆ. ಉರುಹೊಡೆದವರಿಗೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ, ಮಾತಿನಲ್ಲಿ ಮಾತ್ರ ನಾಲಿಗೆ ತಡವರಿಸುತ್ತದೆ. ಪಟ್ಟಿ ಸುಳ್ಳಲ್ಲ, ಆದರೆ ಚಿಕ್ಕ ಪದ ವಾಕ್ಯದಲ್ಲಿ ಎಲ್ಲಿ ನಿಲ್ಲುತ್ತದೆ, ಅದರ ಮೇಲೆ ಒತ್ತು ಬೀಳುತ್ತದೆಯೇ, ಅದರ ಮೂಲದ ದಿಕ್ಕಿನ ಅರ್ಥ ಎಷ್ಟು ದೂರ ಚಾಚಿದೆ ಎಂಬ ಮೂರು ಮುಖ್ಯ ಸಂಗತಿಗಳನ್ನು ಅದು ಹೇಳುವುದಿಲ್ಲ.

ರಚನೆ

'ಹಿ ರ್‍ಯಾನ್ ಅಪ್ ಎ ಹಿಲ್' ಮತ್ತು 'ಹಿ ರ್‍ಯಾನ್ ಅಪ್ ಎ ಬಿಲ್' ಎಂಬ ಎರಡು ವಾಕ್ಯಗಳು ವ್ಯಾಕರಣ ತರಗತಿಗಳಲ್ಲಿ ಸವೆದ ಉದಾಹರಣೆಗಳು, ಆದರೂ ಇವಕ್ಕಿಂತ ಉತ್ತಮವಾದವು ಸಿಗುವುದು ಕಷ್ಟ. ಮೊದಲನೆಯದರಲ್ಲಿ ಒಬ್ಬ ಗುಡ್ಡ ಹತ್ತಿ ಓಡಿದ. ಎರಡನೆಯದರಲ್ಲಿ ಅಂಗಡಿಯಲ್ಲೋ ಹೋಟೆಲಿನಲ್ಲೋ ಸಾಲದ ಲೆಕ್ಕ ಬೆಳೆಸಿದ. ಗುಡ್ಡದ ವಾಕ್ಯದಲ್ಲಿ 'ಅಪ್ ಎ ಹಿಲ್' ಒಂದು ತುಂಡು; ಅದನ್ನು ಹಾಗೇ ಎತ್ತಿ ವಾಕ್ಯದ ಮೊದಲಿಗೆ ಇಡಬಹುದು, ನಡುವೆ 'ಕ್ವಿಕ್ಲಿ' ಸೇರಿಸಿ 'ರ್‍ಯಾನ್ ಕ್ವಿಕ್ಲಿ ಅಪ್ ಎ ಹಿಲ್' ಎನ್ನಬಹುದು. ಬಿಲ್ಲಿನ ವಾಕ್ಯದಲ್ಲಿ 'ರ್‍ಯಾನ್ ಅಪ್' ಒಂದು ತುಂಡು. ಅಲ್ಲಿ ಇವೆರಡೂ ಸಾಧ್ಯವಿಲ್ಲ. ಬದಲಿಗೆ 'ಅಪ್' ಅನ್ನು ಬಿಲ್ಲಿನ ಆಚೆಗೆ ದಾಟಿಸಿ 'ರ್‍ಯಾನ್ ಎ ಬಿಲ್ ಅಪ್' ಎನ್ನಬಹುದು. ಗುಡ್ಡದ ಆಚೆಗೆ ಅದನ್ನು ದಾಟಿಸಲಾಗದು.

ಸರ್ವನಾಮ ಬಂದಾಗ ಈ ಭೇದ ಕಟ್ಟುನಿಟ್ಟಾಗುತ್ತದೆ. 'ಪಿಕ್ ಅಪ್ ದ ಬುಕ್', 'ಪಿಕ್ ದ ಬುಕ್ ಅಪ್' ಎರಡೂ ಸರಿ. ಪುಸ್ತಕದ ಜಾಗದಲ್ಲಿ 'ಇಟ್' ಬಂದರೆ 'ಪಿಕ್ ಇಟ್ ಅಪ್' ಒಂದೇ ದಾರಿ. 'ಪಿಕ್ ಅಪ್ ಇಟ್' ಎಂದವನು ಹೊರಗಿನವನೆಂದು ಇಂಗ್ಲಿಷ್ ಮಾತೃಭಾಷೆಯವರ ಕಿವಿಗೆ ಕೂಡಲೇ ತಿಳಿಯುತ್ತದೆ. 'ಲುಕ್ ಅಟ್' ಎಂಬಲ್ಲಿ ಇದಕ್ಕೆ ತದ್ವಿರುದ್ಧ: 'ಲುಕ್ ಅಟ್ ಇಟ್' ಎನ್ನಬೇಕೇ ಹೊರತು 'ಲುಕ್ ಇಟ್ ಅಟ್' ಎನ್ನುವಂತಿಲ್ಲ. ಕರ್ಮಪದ ಬಹಳ ಉದ್ದವಾಗಿದ್ದರೆ ಚಿಕ್ಕ ಪದ ಅದರ ಕೊನೆಯವರೆಗೆ ಕಾಯುವುದಿಲ್ಲ, ಕ್ರಿಯಾಪದದ ಪಕ್ಕದಲ್ಲೇ ನಿಲ್ಲುತ್ತದೆ. ಇದು ನಿಯಮಕ್ಕಿಂತ ಹೆಚ್ಚಾಗಿ ಉಸಿರಿನ ಅನುಕೂಲ: ಹೊಸ ಸುದ್ದಿ, ಭಾರದ ಸುದ್ದಿ ವಾಕ್ಯದ ಕೊನೆಗೆ ಬರಲೆಂಬ ಒಲವು.

ಬರಹದಲ್ಲಿ ಕಾಣದ, ಕಿವಿಗೆ ಮಾತ್ರ ಕೇಳುವ ಗುರುತು ಒತ್ತು. 'ಲುಕ್ ಅಪ್ ದ ವರ್ಡ್' ಎನ್ನುವಾಗ 'ಅಪ್' ಮೇಲೆ ಒತ್ತು ಬೀಳುತ್ತದೆ. 'ಲುಕ್ ಅಟ್ ದ ವರ್ಡ್' ಎನ್ನುವಾಗ 'ಅಟ್' ಸವೆದು ಕ್ರಿಯಾಪದಕ್ಕೆ ಅಂಟಿ 'ಲುಕಟ್' ಎಂಬಂತೆ ಕೇಳುತ್ತದೆ. ಇಂಗ್ಲಿಷನ್ನು ಓದಿ ಕಲಿತವರು ಎರಡನ್ನೂ ಒಂದೇ ತೂಕದಲ್ಲಿ ಹೇಳುವುದರಿಂದ ಈ ಸೂಚನೆ ಅವರ ಪಾಲಿಗೆ ಇಲ್ಲದಂತಾಗುತ್ತದೆ. 'ಟರ್ನ್ ಆನ್' ಎಂಬುದನ್ನು ನೋಡಿ. 'ಆನ್' ಗಟ್ಟಿಯಾಗಿ ಕೇಳಿದರೆ ದೀಪ ಹೊತ್ತಿಸುವ ಮಾತು. ಕ್ರಿಯಾಪದ ಗಟ್ಟಿಯಾಗಿ 'ಆನ್' ಸಣ್ಣದಾದರೆ ನಾಯಿ ಯಜಮಾನನ ಮೇಲೇ ತಿರುಗಿಬಿದ್ದ ಮಾತು.

ರಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು 1985ರಲ್ಲಿ ಹೊರತಂದ ಬೃಹತ್ ವ್ಯಾಕರಣ ಇವನ್ನು ಮೂರಾಗಿ ವಿಂಗಡಿಸುತ್ತದೆ: 'ಪಿಕ್ ಅಪ್' ಬಗೆಯ ಫ್ರೇಸಲ್ ವರ್ಬ್, 'ಡಿಪೆಂಡ್ ಆನ್', 'ಲುಕ್ ಆಫ್ಟರ್' ಬಗೆಯ ಪ್ರಿಪೊಸಿಷನಲ್ ವರ್ಬ್, 'ಪುಟ್ ಅಪ್ ವಿತ್', 'ರನ್ ಔಟ್ ಆಫ್' ಬಗೆಯ ಮೂರು ತುಂಡಿನ ಕ್ರಿಯಾಪದ. ಪಠ್ಯಪುಸ್ತಕಗಳು ಇದೇ ವಿಂಗಡಣೆಯನ್ನು ಹಿಡಿದಿವೆ. 2002ರ ಕೇಂಬ್ರಿಜ್ ವ್ಯಾಕರಣದಲ್ಲಿ ರಾಡ್ನಿ ಹಡಲ್‌ಸ್ಟನ್ ಮತ್ತು ಜೆಫ್ರಿ ಪುಲಮ್ ಈ ಹೆಸರನ್ನೇ ಕೈಬಿಟ್ಟರು. 'ಪಿಕ್ ಅಪ್' ಎಂಬುದು ಒಂದು ಕ್ರಿಯಾಪದವಲ್ಲ, ಕ್ರಿಯಾಪದ ಮತ್ತು ಅದರ ಆಶ್ರಿತ. ಕರ್ಮ ಬೇಡದ ಕ್ರಿಯಾಪದ ಇರುವಂತೆಯೇ ನಾಮಪದ ಬೇಡದ ಪ್ರಿಪೊಸಿಷನ್ ಕೂಡ ಇದೆ, 'ಅಪ್' ಅಂಥದ್ದು ಎಂಬುದು ಅವರ ವಾದ. ವಿದ್ವಾಂಸರಿಗೆ ಇದು ಹೆಚ್ಚು ಸ್ವಚ್ಛವಾದ ವಿವರಣೆ. ಕಲಿಯುವವರಿಗೆ ಹಳೆಯ ಹೆಸರೇ ಅನುಕೂಲ, ಏಕೆಂದರೆ ನಿಘಂಟುಗಳು ಅದೇ ಹೆಸರಿನಲ್ಲಿ ಅಚ್ಚಾಗುತ್ತವೆ.

ಮೂರು ತುಂಡಿನವುಗಳಲ್ಲಿ 'ಲುಕ್ ಫಾರ್ವರ್ಡ್ ಟು' ಭಾರತೀಯ ಪತ್ರವ್ಯವಹಾರದಲ್ಲಿ ದಿನವೂ ಎಡವಿಸುತ್ತದೆ. ಇಲ್ಲಿನ 'ಟು' ಪ್ರಿಪೊಸಿಷನ್, ಕ್ರಿಯಾಪದದ ಮೂಲರೂಪದ ಹಿಂದೆ ಬರುವ 'ಟು' ಅಲ್ಲ. ಆದ್ದರಿಂದ 'ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು' ಎಂದಾಗಬೇಕು. 'ಟು ಮೀಟ್ ಯು' ಎಂದು ಬರೆಯುವವರ ಸಂಖ್ಯೆ ದೊಡ್ಡದು, ಅವರ ತರ್ಕವೂ ಅರ್ಥವಾಗುವಂಥದ್ದೇ.

ಚರಿತ್ರೆ

ಹಳೆಯ ಇಂಗ್ಲಿಷಿನಲ್ಲಿ ಈ ಕೆಲಸದ ಬಹುಪಾಲನ್ನು ಕ್ರಿಯಾಪದದ ಮೊದಲಿಗೆ ಅಂಟುವ ಉಪಸರ್ಗಗಳು ಮಾಡುತ್ತಿದ್ದವು. 'ಫರ್‌ಗಿವ್', 'ವಿತ್‌ಸ್ಟ್ಯಾಂಡ್', 'ಅಂಡರ್‌ಸ್ಟ್ಯಾಂಡ್' ಆ ಕಾಲದ ಉಳಿಕೆಗಳು. ಇಂಗ್ಲಿಷಿನ ದಾಯಾದಿ ಜರ್ಮನ್ ಇಂದಿಗೂ ಎರಡು ದೋಣಿಯಲ್ಲಿ ಕಾಲಿಟ್ಟಿದೆ: ದೂರವಾಣಿ ಕರೆ ಮಾಡು ಎಂಬುದಕ್ಕೆ ನಿಘಂಟಿನಲ್ಲಿ 'ಆನ್‌ರೂಫೆನ್' ಎಂದು ಒಂದೇ ಪದ, ವಾಕ್ಯದಲ್ಲಿ 'ಇಷ್ ರೂಫೆ ದಿಷ್ ಆನ್' ಎಂದು 'ಆನ್' ಕಳಚಿ ಕೊನೆಗೆ ಹೋಗುತ್ತದೆ. ಇಂಗ್ಲಿಷ್ ಆ ಕಳಚುವಿಕೆಯನ್ನು ಪೂರ್ತಿಗೊಳಿಸಿತು. ಹನ್ನೆರಡನೆಯ ಶತಮಾನದ ಪೀಟರ್‌ಬರೊ ವೃತ್ತಾಂತದಲ್ಲಿ 'ಗಿವ್ ಅಪ್' ಇಂದಿನ ಕ್ರಮದಲ್ಲೇ ಕಾಣಿಸಿಕೊಳ್ಳುತ್ತದೆ. ವಾಕ್ಯದಲ್ಲಿ ಪದಗಳ ಕ್ರಮ ಬದಲಾದದ್ದು, ಹಳೆಯ ಉಪಸರ್ಗಗಳು ಸವೆದದ್ದು ಇದಕ್ಕೆ ಕಾರಣಗಳು. ಉತ್ತರ ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯನ್ನರ ಭಾಷೆಯೂ ಇದಕ್ಕೆ ಒತ್ತಾಸೆಯಾಯಿತು ಎನ್ನುವವರಿದ್ದಾರೆ. ಅದರ ಪಾಲು ಎಷ್ಟೆಂಬ ಚರ್ಚೆ ಮುಗಿದಿಲ್ಲ.

ಸಂಸ್ಕೃತ ಬಲ್ಲವರಿಗೆ ಈ ಕಥೆ ತಿರುಗುಮುರುಗಾಗಿ ಕಾಣುತ್ತದೆ. 'ಹೃ' ಎಂಬ ಒಂದೇ ಧಾತು ಉಪಸರ್ಗಗಳ ಬಲದಿಂದ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರಗಳಾಗುವುದನ್ನು ಕನ್ನಡ ಶಾಲೆಗಳಲ್ಲಿಯೂ ಹೇಳಿಕೊಡುತ್ತಾರೆ. ವೇದಗಳ ಭಾಷೆಯಲ್ಲಿ ಈ ಉಪಸರ್ಗಗಳು ಕ್ರಿಯಾಪದದಿಂದ ದೂರ ನಿಲ್ಲಬಹುದಿತ್ತು, ಅದರ ಆಚೆಗೂ ಬರಬಹುದಿತ್ತು. ಪಾಣಿನಿ ಅದನ್ನು ವೈದಿಕ ಭಾಷೆಯ ವಿಶೇಷವೆಂದು ಪ್ರತ್ಯೇಕ ಸೂತ್ರಗಳಲ್ಲಿ ಹೇಳಿದ್ದಾನೆ. ಮುಂದಿನ ಸಂಸ್ಕೃತದಲ್ಲಿ ಅವು ಅಂಟಿಕೊಂಡವು. ಸಂಸ್ಕೃತದಲ್ಲಿ ಬಿಡಿಯಾಗಿದ್ದದ್ದು ಸೇರಿತು, ಇಂಗ್ಲಿಷಿನಲ್ಲಿ ಸೇರಿದ್ದದ್ದು ಬಿಡಿಯಾಯಿತು.

1066ರ ನಾರ್ಮನ್ ವಿಜಯದ ನಂತರ ಫ್ರೆಂಚ್, ಅದರ ಹಿಂದೆ ಲ್ಯಾಟಿನ್ ಪದಗಳು ಇಂಗ್ಲಿಷಿಗೆ ಪ್ರವಾಹದಂತೆ ಬಂದವು. ಹೀಗಾಗಿ ಒಂದೇ ಕೆಲಸಕ್ಕೆ ಎರಡು ಪದ: ಮನೆಯ ಮಾತಿಗೆ 'ಪುಟ್ ಔಟ್', ಕಚೇರಿಯ ಬರಹಕ್ಕೆ 'ಎಕ್ಸ್‌ಟಿಂಗ್ವಿಷ್', 'ಪುಟ್ ಆಫ್' ಮತ್ತು 'ಪೋಸ್ಟ್‌ಪೋನ್', 'ಪುಟ್ ಅಪ್ ವಿತ್' ಮತ್ತು 'ಟಾಲರೇಟ್'. ಭಾರತೀಯರು ಇಂಗ್ಲಿಷನ್ನು ಪುಸ್ತಕ ಮತ್ತು ಕಚೇರಿಯ ಮೂಲಕ ಕಲಿತದ್ದರಿಂದ ಎರಡನೆಯದು ಮೊದಲು ಕೈಗೆ ಬಂತು. ಬೆಂಕಿ ಆರಿಸಲು 'ಎಕ್ಸ್‌ಟಿಂಗ್ವಿಷ್' ಎನ್ನುವ ಪದವೀಧರ 'ಪುಟ್ ಔಟ್' ಎಂಬಲ್ಲಿ ಅನುಮಾನಿಸುವುದು ಇದರಿಂದಲೇ.

ಈ ಕೂಟಗಳ ತೊಡಕನ್ನು ಗಂಭೀರವಾಗಿ ಹಿಡಿದ ಮೊದಲಿಗರಲ್ಲಿ ಒಬ್ಬರು ಸ್ಯಾಮ್ಯುಯೆಲ್ ಜಾನ್ಸನ್. 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಅವರು ವಿದೇಶಿಯರಿಗೆ ಅತಿ ಕಷ್ಟವಾಗುವುದು ಕ್ರಿಯಾಪದದ ಅರ್ಥವನ್ನು ಚಿಕ್ಕ ಪದವೊಂದು ಬದಲಿಸುವ ಇಂಥ ಬಳಕೆಗಳೇ ಎಂದು ಗುರುತಿಸಿ, 'ಸೆಟ್ ಔಟ್', 'ಫಾಲ್ ಆನ್', 'ಟೇಕ್ ಆಫ್' ಮುಂತಾದವನ್ನು ಉದಾಹರಿಸಿ, ಅವನ್ನು ಶ್ರಮವಹಿಸಿ ಸಂಗ್ರಹಿಸಿದ್ದಾಗಿ ಹೇಳಿಕೊಂಡರು. ಸ್ವತಃ ಅವರ ಗದ್ಯ ಲ್ಯಾಟಿನ್ ಪದಗಳ ಭಾರದಿಂದ ಬಾಗಿದ್ದದ್ದು ಬೇರೆ ಮಾತು.

'ಫ್ರೇಸಲ್ ವರ್ಬ್' ಎಂಬ ಹೆಸರು ಮಾತ್ರ ಇಪ್ಪತ್ತನೆಯ ಶತಮಾನದ್ದು. ಆರ್ಥರ್ ಕೆನಡಿ 1920ರಲ್ಲಿ ಇವುಗಳ ಬಗ್ಗೆ ಪುಸ್ತಕ ಬರೆದಾಗ ಬೇರೆ ಹೆಸರು ಬಳಸಿದ್ದರು. 1925ರಲ್ಲಿ ಲೋಗನ್ ಪಿಯರ್‌ಸಲ್ ಸ್ಮಿತ್ ಈ ಹೆಸರನ್ನು ಅಚ್ಚಿಗೆ ತಂದರು. ಅದನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಎಂದು ಅವರೇ ಹೇಳಿದ್ದಾರೆ. 1971ರ ಡ್ವೈಟ್ ಬೋಲಿಂಜರ್ ಅವರ ಪುಸ್ತಕ ಈ ವಿಷಯದ ಚರ್ಚೆಗೆ ಇಂದಿಗೂ ಆಧಾರ.

ನಡುವೆ ಒಂದು ವಿಚಿತ್ರ ಪ್ರಯೋಗ ನಡೆಯಿತು. ಸಿ. ಕೆ. ಆಗ್ಡನ್ 1930ರಲ್ಲಿ ಪ್ರಕಟಿಸಿದ ಬೇಸಿಕ್ ಇಂಗ್ಲಿಷ್ 850 ಪದಗಳ ಕಿರುಭಾಷೆ. ಅದರಲ್ಲಿ ಕ್ರಿಯಾಪದಗಳು ಕೇವಲ 18. ಉಳಿದ ಕ್ರಿಯಾಪದಗಳನ್ನೆಲ್ಲ ಗೆಟ್, ಗಿವ್, ಪುಟ್, ಟೇಕ್‌ಗಳ ಜೊತೆಗೆ ಚಿಕ್ಕ ಪದ ಸೇರಿಸಿ ಕಟ್ಟಿಕೊಳ್ಳಬೇಕಿತ್ತು: 'ಎಂಟರ್' ಬದಲು 'ಗೋ ಇನ್', 'ಅಬ್ಯಾಂಡನ್' ಬದಲು 'ಗಿವ್ ಅಪ್'. ವಿನ್‌ಸ್ಟನ್ ಚರ್ಚಿಲ್ 1943ರಲ್ಲಿ ಇದನ್ನು ಬಹಿರಂಗವಾಗಿ ಬೆಂಬಲಿಸಿದರು. ಪದಗಳ ಲೆಕ್ಕ ಇಳಿದದ್ದು ನಿಜ. ಆದರೆ ಭಾರತೀಯನಿಗೋ ಚೀನೀಯನಿಗೋ 'ಅಬ್ಯಾಂಡನ್' ಎಂಬ ಒಂದು ಪದಕ್ಕಿಂತ 'ಗಿವ್ ಅಪ್' ಎಂಬ ಎರಡು ಸುಲಭ ಪದಗಳು ಕಷ್ಟ ಎಂಬುದನ್ನು ಯೋಜನೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಾಗಿಲಲ್ಲಿ ತಡೆದ ಪದರಾಶಿ ಕಿಟಕಿಯಿಂದ ಒಳಗೆ ಬಂತು.

ಅರ್ಥ ಬೆಳೆಯುವ ಬಗೆ

ಫ್ರೇಸಲ್ ವರ್ಬ್‌ಗಳ ಅರ್ಥ ಗೊತ್ತುಗುರಿಯಿಲ್ಲದ್ದು ಎಂಬ ದೂರು ಅರ್ಧ ನಿಜ. ಕೆಲವು ಪಾರದರ್ಶಕ: 'ಸಿಟ್ ಡೌನ್', 'ಗೋ ಔಟ್'. ಕೆಲವು ಪೂರ್ತಿ ಕುರುಡು: 'ಗಿವ್ ಅಪ್' ಎಂಬಲ್ಲಿ ಕೊಡುವುದೂ ಕಾಣದು, ಮೇಲೂ ಕಾಣದು. ಇವೆರಡರ ನಡುವಿನ ದೊಡ್ಡ ಪ್ರದೇಶದಲ್ಲಿ ಚಿಕ್ಕ ಪದ ಒಂದು ದಿಕ್ಕನ್ನು ಹಿಡಿದು ಸಾಗುತ್ತದೆ. ಸೂಸನ್ ಲಿಂಡ್ನರ್ 1981ರ ತಮ್ಮ ಪ್ರೌಢಪ್ರಬಂಧದಲ್ಲಿ 'ಅಪ್' ಮತ್ತು 'ಔಟ್' ಎರಡನ್ನೇ ಹಿಡಿದು ಅವುಗಳ ಅರ್ಥಗಳ ಜಾಲವನ್ನು ಬಿಡಿಸಿದರು. ಮುಂದಿನ ಕೆಲಸಕ್ಕೆಲ್ಲ ಅದು ದಾರಿ ಮಾಡಿತು.

'ಅಪ್' ಮೊದಲು ಮೇಲಕ್ಕೆ ಹೋಗುವುದು. ಪಾತ್ರೆಯಲ್ಲಿ ನೀರು ಮೇಲೇರಿದರೆ ಪಾತ್ರೆ ತುಂಬುತ್ತದೆ, ತುಂಬಿದರೆ ಕೆಲಸ ಮುಗಿಯುತ್ತದೆ. ಹಾಗಾಗಿ 'ಈಟ್ ಅಪ್', 'ಯೂಸ್ ಅಪ್', 'ಡ್ರೈ ಅಪ್' ಎಂಬಲ್ಲಿ 'ಅಪ್' ಪೂರ್ತಿಯಾಗುವಿಕೆಯ ಗುರುತು. ಏರಿದ್ದು ಕಣ್ಣಿಗೆ ಬೀಳುತ್ತದೆ. ಹಾಗಾಗಿ 'ಟರ್ನ್ ಅಪ್', 'ಶೋ ಅಪ್', ಮಾತಿನ ನಡುವೆ ವಿಷಯವೊಂದು 'ಕಮ್ಸ್ ಅಪ್'. ದನಿ ಏರಿದರೆ 'ಸ್ಪೀಕ್ ಅಪ್'. ಬಿಗಿದು ಮುಚ್ಚುವ 'ಟೈ ಅಪ್', 'ಬಟನ್ ಅಪ್' ಪೂರ್ತಿಯ ಅರ್ಥದಿಂದ ಇನ್ನೊಂದು ಹೆಜ್ಜೆ. 'ಔಟ್' ಒಳಗಿಂದ ಹೊರಕ್ಕೆ. ಆದರೆ ನೋಡುವವನು ಎಲ್ಲಿದ್ದಾನೆ ಎಂಬುದರ ಮೇಲೆ ಅದರ ಫಲ ತಿರುಗುತ್ತದೆ: ಅವನು ಹೊರಗಿದ್ದರೆ ಬಂದದ್ದು ಕಾಣುತ್ತದೆ, 'ಫೈಂಡ್ ಔಟ್', 'ಪಾಯಿಂಟ್ ಔಟ್', ನಕ್ಷತ್ರಗಳು 'ಕಮ್ ಔಟ್'; ಅವನು ಒಳಗಿದ್ದರೆ ಹೋದದ್ದು ಮರೆಯಾಗುತ್ತದೆ, 'ಡೈ ಔಟ್', 'ವೈಪ್ ಔಟ್', ದೀಪ 'ಗೋಸ್ ಔಟ್'. ನಕ್ಷತ್ರ ಮೂಡುವುದಕ್ಕೂ ದೀಪ ಆರುವುದಕ್ಕೂ ಒಂದೇ 'ಔಟ್' ಹೇಗೆ ಸಲ್ಲುತ್ತದೆ ಎಂಬ ಒಗಟಿಗೆ ಇದು ಉತ್ತರ.

'ಆಫ್' ಇನ್ನೂ ತಂಟೆಯದು. ಮೂಲದಲ್ಲಿ ಅದು ಬೇರ್ಪಡುವಿಕೆ: 'ಕಟ್ ಆಫ್', 'ಟೇಕ್ ಆಫ್', 'ಕಾಲ್ ಆಫ್'. 'ಗೋ ಆಫ್' ಎಂಬುದು ಮಾತ್ರ ದೀಪದ ವಿಷಯದಲ್ಲಿ ನಂದುವುದು, ಅಲಾರಂ ವಿಷಯದಲ್ಲಿ ಹೊಡೆದುಕೊಳ್ಳುವುದು, ಬಾಂಬಿನ ವಿಷಯದಲ್ಲಿ ಸಿಡಿಯುವುದು, ಬ್ರಿಟಿಷರ ಬಾಯಲ್ಲಿ ಹಾಲಿನ ವಿಷಯದಲ್ಲಿ ಕೆಡುವುದು. ತಡೆದು ನಿಲ್ಲಿಸಿದ್ದ ಸ್ಥಿತಿಯಿಂದ ಕಳಚಿಕೊಂಡಾಗ ಅಲಾರಂ ಹೊಡೆಯುತ್ತದೆ, ಬಾಂಬು ಸಿಡಿಯುತ್ತದೆ. ವಿದ್ಯುತ್ತಿನಿಂದ ಕಳಚಿಕೊಂಡಾಗ ದೀಪ ನಂದುತ್ತದೆ. ಇಂಥ ವಿವರಣೆ ನೆನಪಿಗೆ ನೆರವಾಗುತ್ತದೆ, ಮುಂಚಿತವಾಗಿ ಊಹಿಸಲು ನೆರವಾಗುವುದು ಕಡಿಮೆ. ಮನೆ 'ಬರ್ನ್ಸ್ ಡೌನ್', ಕಾಗದ 'ಬರ್ನ್ಸ್ ಅಪ್' ಎಂಬಲ್ಲಿ ವಿರುದ್ಧ ದಿಕ್ಕುಗಳು ಒಂದೇ ಬೂದಿಗೆ ಮುಟ್ಟುತ್ತವೆ. ಅರ್ಜಿ ತುಂಬುವುದು ಬ್ರಿಟನ್ನಿನಲ್ಲಿ 'ಫಿಲ್ ಇನ್', ಅಮೆರಿಕದಲ್ಲಿ 'ಫಿಲ್ ಔಟ್', ನಮ್ಮ ಬ್ಯಾಂಕು, ಕಾಲೇಜುಗಳಲ್ಲಿ 'ಫಿಲ್ ಅಪ್'. ಮೂರರಲ್ಲೂ ಅರ್ಜಿ ತುಂಬುತ್ತದೆ.

ಬಳಕೆಯ ಪ್ರಮಾಣ

ಕಂಪ್ಯೂಟರಿನಲ್ಲಿ ಕೋಟಿಗಟ್ಟಲೆ ಪದಗಳ ಪಠ್ಯವನ್ನು ಕೂಡಿಟ್ಟು ಹುಡುಕುವುದು ಶುರುವಾದ ಮೇಲೆ ಈ ಚರ್ಚೆಯ ರೂಪವೇ ಬದಲಾಯಿತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ನಡೆಸಿದ ಕೋಬಿಲ್ಡ್ ಯೋಜನೆ 1987ರಲ್ಲಿ ಸಾಮಾನ್ಯ ನಿಘಂಟನ್ನೂ 1989ರಲ್ಲಿ ಫ್ರೇಸಲ್ ವರ್ಬ್ ನಿಘಂಟನ್ನೂ ಹೊರತಂದಿತು. ಜನ ಪದಗಳನ್ನು ಬಿಡಿಬಿಡಿಯಾಗಿ ಆರಿಸಿ ಪೋಣಿಸುವುದಕ್ಕಿಂತ ಸಿದ್ಧ ತುಂಡುಗಳನ್ನು ಬಳಸುವುದೇ ಹೆಚ್ಚು ಎಂಬ ಸಿಂಕ್ಲೇರ್ ಅವರ ನಿಲುವಿಗೆ ಫ್ರೇಸಲ್ ವರ್ಬ್‌ಗಳು ಒಳ್ಳೆಯ ಸಾಕ್ಷ್ಯವಾದವು.

2007ರಲ್ಲಿ ಡೀ ಗಾರ್ಡ್ನರ್ ಮತ್ತು ಮಾರ್ಕ್ ಡೇವಿಸ್ ಹತ್ತು ಕೋಟಿ ಪದಗಳ ಬ್ರಿಟಿಷ್ ರಾಷ್ಟ್ರೀಯ ಪಠ್ಯಕೋಶವನ್ನು ಜಾಲಾಡಿ ಐದು ಲಕ್ಷಕ್ಕೂ ಮಿಕ್ಕ ಫ್ರೇಸಲ್ ವರ್ಬ್ ಪ್ರಯೋಗಗಳನ್ನು ಎಣಿಸಿದರು. ಕೇವಲ 20 ಕ್ರಿಯಾಪದಗಳು 8 ಚಿಕ್ಕ ಪದಗಳೊಡನೆ ಸೇರಿ ಅವುಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಮುಗಿಸುತ್ತಿದ್ದವು. ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ನೂರು ಫ್ರೇಸಲ್ ವರ್ಬ್‌ಗಳನ್ನು ಕಲಿತರೂ ಅರ್ಧ ದಾರಿ ಕ್ರಮಿಸಿದಂತೆಯೇ. ಇದು ಸಮಾಧಾನದ ಸುದ್ದಿ. ಅದರ ಜೊತೆಗಿನ ಇನ್ನೊಂದು ಸುದ್ದಿ ಅಷ್ಟು ಸಮಾಧಾನದ್ದಲ್ಲ: ಆ ನೂರರಲ್ಲಿ ಒಂದೊಂದಕ್ಕೂ ಸರಾಸರಿ ಐದಕ್ಕೂ ಹೆಚ್ಚು ಅರ್ಥಗಳಿವೆ. ಸುಳ್ಳು ಕಟ್ಟುವುದು, ಜಗಳದ ನಂತರ ರಾಜಿಯಾಗುವುದು, ಮುಖಕ್ಕೆ ಬಣ್ಣ ಹಚ್ಚುವುದು, ಕಳೆದುಹೋದ ಸಮಯವನ್ನು ಸರಿದೂಗಿಸುವುದು ನಾಲ್ಕೂ 'ಮೇಕ್ ಅಪ್'. 2015ರಲ್ಲಿ ಮೆಲೋಡಿ ಗಾರ್ನಿಯೆ ಮತ್ತು ನಾರ್ಬರ್ಟ್ ಸ್ಮಿಟ್ 150 ಫ್ರೇಸಲ್ ವರ್ಬ್‌ಗಳಿಗೆ ನಿಜಬಳಕೆಯಲ್ಲಿ ಮುಖ್ಯವಾದ 288 ಅರ್ಥಗಳನ್ನಷ್ಟೇ ಆರಿಸಿ ಪಟ್ಟಿ ಮಾಡಿದರು. ಪಟ್ಟಿ ಬೇಕೆನ್ನುವವರಿಗೆ ಇಂಥದ್ದು ಮೇಲು.

ಇವು ಆಡುಮಾತಿನವು, ಗಂಭೀರ ಬರಹಕ್ಕೆ ಸಲ್ಲವು ಎಂಬ ನಂಬಿಕೆಯೂ ಪರೀಕ್ಷೆಗೆ ಒಳಗಾಯಿತು. ಡಗ್ಲಸ್ ಬೈಬರ್ ಮತ್ತು ಸಂಗಡಿಗರ 1999ರ ಲಾಂಗ್‌ಮನ್ ವ್ಯಾಕರಣದ ಪ್ರಕಾರ ಸಂಭಾಷಣೆ ಮತ್ತು ಕಥೆ ಕಾದಂಬರಿಗಳಲ್ಲಿ ಫ್ರೇಸಲ್ ವರ್ಬ್‌ಗಳು ಹೆಚ್ಚು, ವಿದ್ವತ್ ಬರಹದಲ್ಲಿ ಬಹಳ ಕಡಿಮೆ. ಆದರೂ 'ಕ್ಯಾರಿ ಔಟ್', 'ಪಾಯಿಂಟ್ ಔಟ್' ವಿದ್ವತ್ ಬರಹದಲ್ಲೇ ಮನೆಮಾಡಿಕೊಂಡಿವೆ. 'ಡಿಪೆಂಡ್ ಆನ್' ಬಗೆಯ ಪ್ರಿಪೊಸಿಷನಲ್ ವರ್ಬ್‌ಗಳಂತೂ ಒಟ್ಟಾರೆ ಫ್ರೇಸಲ್ ವರ್ಬ್‌ಗಳಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು, ಯಾವ ಶೈಲಿಗೂ ಅವುಗಳ ಬಗ್ಗೆ ಮಡಿಯಿಲ್ಲ.

ಪ್ರಿಪೊಸಿಷನ್ ಪದಪುಂಜ

ಕನ್ನಡದಲ್ಲಿ 'ಅಲ್ಲಿ' ಎಂಬ ಒಂದೇ ಪ್ರತ್ಯಯ ಮನೆಯಲ್ಲಿ, ಬಸ್ಸಿನಲ್ಲಿ, ಸ್ಟಾಪಿನಲ್ಲಿ ಎಂದು ಎಲ್ಲೆಡೆ ಸಲ್ಲುತ್ತದೆ. ಇಂಗ್ಲಿಷ್ ಅದನ್ನೇ ಮೂರಾಗಿ ಒಡೆಯುತ್ತದೆ. ಬಿಂದುವೆಂದು ಎಣಿಸಿದ ಜಾಗಕ್ಕೆ 'ಅಟ್', ಮೇಲ್ಮೈ ಎಂದು ಎಣಿಸಿದ್ದಕ್ಕೆ 'ಆನ್', ಸುತ್ತು ಆವರಿಸಿದ್ದಕ್ಕೆ 'ಇನ್'. ಎಣಿಸುವವನು ಮಾತನಾಡುವವನು, ವಸ್ತುವಿನ ಆಕಾರ ನೋಡಿ ತೀರ್ಮಾನಿಸಲು ಹೋದರೆ ಸೋಲು ಖಚಿತ. ಬಸ್ಸಿಗೂ ಕಾರಿಗೂ ಛಾವಣಿ ಇದೆ, ಬಾಗಿಲಿದೆ. ಆದರೂ 'ಆನ್ ದ ಬಸ್', 'ಇನ್ ದ ಕಾರ್'. ಎದ್ದು ನಡೆದಾಡಬಹುದಾದ, ಎಲ್ಲರಿಗೂ ಸೇರಿದ ಬಸ್ಸು, ರೈಲು, ಹಡಗು, ವಿಮಾನಗಳಿಗೆ 'ಆನ್'. ಮೈ ಮುದುಡಿ ಕೂರಬೇಕಾದ ಕಾರು, ಟ್ಯಾಕ್ಸಿ, ಆಟೋಗಳಿಗೆ 'ಇನ್'. ಕಾಲಕ್ಕೂ ಇದೇ ಮೂರು: ಗಂಟೆಗೆ 'ಅಟ್', ದಿನಕ್ಕೆ 'ಆನ್', ತಿಂಗಳು ವರ್ಷಕ್ಕೆ 'ಇನ್'. ಬೆಳಗ್ಗೆ 'ಇನ್ ದ ಮಾರ್ನಿಂಗ್', ರಾತ್ರಿ 'ಅಟ್ ನೈಟ್' ಆದದ್ದೇಕೆ ಎಂದು ಕೇಳಿದರೆ ಚರಿತ್ರೆಯೇ ಉತ್ತರ, ತರ್ಕವಲ್ಲ. ವಾರಾಂತ್ಯಕ್ಕೆ ಬ್ರಿಟಿಷರು 'ಅಟ್' ಎನ್ನುತ್ತಾರೆ, ಅಮೆರಿಕನ್ನರು 'ಆನ್' ಎನ್ನುತ್ತಾರೆ. ರೋಗಿ ಬ್ರಿಟನ್ನಿನಲ್ಲಿ 'ಇನ್ ಹಾಸ್ಪಿಟಲ್', ಅಮೆರಿಕದಲ್ಲಿ 'ಇನ್ ದ ಹಾಸ್ಪಿಟಲ್'.

ಕೂದಲೆಳೆಯ ಅಂತರದ ಜೋಡಿಗಳೂ ಇವೆ. 'ಆನ್ ಟೈಮ್' ಎಂದರೆ ನಿಗದಿತ ಹೊತ್ತಿಗೆ ಸರಿಯಾಗಿ, 'ಇನ್ ಟೈಮ್' ಎಂದರೆ ತಡವಾಗುವ ಮುನ್ನ. 'ಅಟ್ ದಿ ಎಂಡ್' ಎಂದರೆ ಯಾವುದೋ ಒಂದರ ತುದಿಯಲ್ಲಿ, 'ಇನ್ ದಿ ಎಂಡ್' ಎಂದರೆ ಎಲ್ಲ ಆದ ಮೇಲೆ ಕಟ್ಟಕಡೆಗೆ. ಇನ್ನು 'ವಿತ್ ರೆಫರೆನ್ಸ್ ಟು' ಬಗೆಯ ದಪ್ಪನೆಯ ಕಟ್ಟುಗಳು ಕಚೇರಿ ಇಂಗ್ಲಿಷಿನ ಸಂತಾನ. 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರುವಾಗುವ ನಮ್ಮ ಸರ್ಕಾರಿ ಪತ್ರಗಳ ಕನ್ನಡ ಅದರ ಪಡಿಯಚ್ಚು.

ಪದಪುಂಜ ಯಾವುದಕ್ಕೆ ಅಂಟಿದೆ ಎಂಬ ಗೊಂದಲ ಇಂಗ್ಲಿಷ್ ವಾಕ್ಯರಚನೆಯ ಹಳೆಯ ತಲೆನೋವು, ಯಂತ್ರಾನುವಾದಕ್ಕೂ ಅದೇ. 'ಐ ಸಾ ದ ಮ್ಯಾನ್ ವಿತ್ ದ ಟೆಲಿಸ್ಕೋಪ್' ಎಂದರೆ ದೂರದರ್ಶಕ ನೋಡಿದವನ ಕೈಯಲ್ಲಿತ್ತೋ, ನೋಡಿಸಿಕೊಂಡವನ ಕೈಯಲ್ಲಿತ್ತೋ ವಾಕ್ಯ ಹೇಳುವುದಿಲ್ಲ. ಕನ್ನಡದಲ್ಲಿ 'ದೂರದರ್ಶಕದಿಂದ ನೋಡಿದೆ', 'ದೂರದರ್ಶಕ ಹಿಡಿದವನನ್ನು ನೋಡಿದೆ' ಎಂದು ಮೊದಲೇ ಆರಿಸಿಕೊಳ್ಳಬೇಕು.

ಪ್ರಿಪೊಸಿಷನ್ ಪದಪುಂಜದ ಅಸ್ಪಷ್ಟತೆಗೆ ಜೀವ ತೆತ್ತದ್ದೂ ಉಂಟು. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಲಾಸ್ ರೋಡಿಯೋಸ್ ನಿಲ್ದಾಣದಲ್ಲಿ ದಟ್ಟ ಮಂಜಿನ ನಡುವೆ ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಕಂಪನಿಗಳ ಎರಡು ಜಂಬೊ ಜೆಟ್‌ಗಳು ಓಡುಹಾದಿಯಲ್ಲಿ ಡಿಕ್ಕಿ ಹೊಡೆದು 583 ಜನ ಸತ್ತರು. ಡಚ್ ಸಿಬ್ಬಂದಿ ರೇಡಿಯೋದಲ್ಲಿ ಹೇಳಿದ್ದು ತಾವೀಗ 'ಅಟ್ ಟೇಕಾಫ್' ಎಂದು. ಗೋಪುರದಲ್ಲಿದ್ದ ನಿಯಂತ್ರಕ ಅದನ್ನು ಹಾರಲು ಸಿದ್ಧರಾಗಿ ಸ್ಥಾನದಲ್ಲಿ ನಿಂತಿದ್ದಾರೆಂದು ತಿಳಿದ. ವಿಮಾನ ಆಗಲೇ ಓಡತೊಡಗಿತ್ತು. ನಡೆಯುತ್ತಿರುವ ಕೆಲಸವನ್ನು ಹೇಳಲು ಡಚ್ ಭಾಷೆ ಪ್ರಿಪೊಸಿಷನ್ ಬಳಸುತ್ತದೆ, ಆ ರೂಢಿ ಇಂಗ್ಲಿಷಿಗೆ ಜಾರಿರಬೇಕೆಂದು ಭಾಷಾವಿಜ್ಞಾನಿಗಳು ವಿವರಿಸಿದ್ದಾರೆ. ಮಂಜು, ಒಂದರ ಮೇಲೊಂದು ಬಿದ್ದು ಕೇಳದೇಹೋದ ರೇಡಿಯೋ ಸಂದೇಶಗಳು, ಹೊರಡುವ ಆತುರ ಎಲ್ಲವೂ ಸೇರಿ ಆದ ದುರಂತವಿದು. 'ಅಟ್' ಒಂದರ ತಲೆಗೇ ಕಟ್ಟುವುದು ನ್ಯಾಯವಲ್ಲ. ಆದರೆ ಅಂದಿನಿಂದ ವಿಮಾನಯಾನದ ರೇಡಿಯೋ ಮಾತಿನಲ್ಲಿ 'ಟೇಕಾಫ್' ಪದವನ್ನು ಹಾರಲು ಅನುಮತಿ ಕೊಡುವಾಗ ಮತ್ತು ಹಿಂಪಡೆಯುವಾಗ ಮಾತ್ರ ಬಳಸುವುದು, ಉಳಿದೆಡೆ 'ಡಿಪಾರ್ಚರ್' ಎನ್ನುವುದು ನಿಯಮವಾಯಿತು.

ವಾಕ್ಯವನ್ನು ಪ್ರಿಪೊಸಿಷನ್ನಿನಿಂದ ಮುಗಿಸಬಾರದೆಂಬ ನಿಷೇಧಕ್ಕೂ ಒಂದು ಚರಿತ್ರೆಯಿದೆ. ಕವಿ ಜಾನ್ ಡ್ರೈಡನ್ 1672ರಲ್ಲಿ ಬೆನ್ ಜಾನ್ಸನ್ನರ ಸಾಲುಗಳಲ್ಲಿ ಇದನ್ನು ದೋಷವೆಂದು ಎತ್ತಿ ಆಡಿದರು, ಮುಂದೆ ತಮ್ಮದೇ ಹಳೆಯ ಪ್ರಬಂಧವನ್ನು ತಿದ್ದಿ 1684ರಲ್ಲಿ ಮರುಮುದ್ರಿಸುವಾಗ ಅಂಥ ವಾಕ್ಯಗಳನ್ನು ಸರಿಪಡಿಸಿಕೊಂಡರು. ಲ್ಯಾಟಿನ್ನಿನಲ್ಲಿ ಅಸಾಧ್ಯವಾದದ್ದು ಇಂಗ್ಲಿಷಿಗೆ ಅಶಿಷ್ಟ ಎಂಬ ಭಾವನೆ ಇದರ ಹಿಂದಿತ್ತು. 1762ರಲ್ಲಿ ಬಿಷಪ್ ರಾಬರ್ಟ್ ಲೌತ್ ತಮ್ಮ ವ್ಯಾಕರಣದಲ್ಲಿ ಈ ರೂಢಿ ಮಾತಿಗೆ ಸರಿ, ಗಂಭೀರ ಶೈಲಿಗೆ ಅಷ್ಟು ಸೊಗಸಲ್ಲ ಎಂದರು. ಹಾಗೆನ್ನುವ ಜಾಗದಲ್ಲೇ ಒಂದು ವಾಕ್ಯವನ್ನು 'ಟು' ಎಂದು ಮುಗಿಸಿದರು. 1926ರಲ್ಲಿ ಎಚ್. ಡಬ್ಲ್ಯೂ. ಫೌಲರ್ ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದರು. ಈ ನಿಷೇಧವನ್ನು ಅಣಕಿಸುವ ಚಟಾಕಿಯೊಂದು ಚರ್ಚಿಲ್ ಅವರದೆನ್ನಲು ಗಟ್ಟಿ ಆಧಾರವಿಲ್ಲ. ಇಂದಿನ ಇಂಗ್ಲಿಷಿನಲ್ಲಿ 'ಹೂ ಆರ್ ಯು ಟಾಕಿಂಗ್ ಟು' ಸಹಜ, 'ಟು ಹೂಮ್' ಎಂದು ಶುರುಮಾಡಿದರೆ ನ್ಯಾಯಾಲಯದ ಗಾಳಿ ಬೀಸುತ್ತದೆ.

ಕನ್ನಡಿಗರ ನಾಲಿಗೆಯಲ್ಲಿ

ಕಲಿಯುವವರು ಫ್ರೇಸಲ್ ವರ್ಬ್‌ಗಳನ್ನು ತಪ್ಪಾಗಿ ಬಳಸುವುದಕ್ಕಿಂತ ಬಳಸದೆಯೇ ತಪ್ಪಿಸಿಕೊಳ್ಳುತ್ತಾರೆ ಎಂದು 1985ರಲ್ಲಿ ಮೆನಾಖೆಮ್ ಡಾಗುಟ್ ಮತ್ತು ಬಾಟಿಯಾ ಲಾಫರ್ ಹೀಬ್ರೂ ಮಾತೃಭಾಷೆಯ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ತೋರಿಸಿದರು. ಹೀಬ್ರೂವಿನಲ್ಲಿ ಇಂಥ ರಚನೆ ಇಲ್ಲದಿರುವುದೇ ಕಾರಣ ಎಂದು ಅವರ ಊಹೆ. 1989ರಲ್ಲಿ ಬೇರೆ ಸಂಶೋಧಕರು ಡಚ್ ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ ಅವರು ಇವನ್ನು ಸಾರಾಸಗಟಾಗಿ ತಪ್ಪಿಸುತ್ತಿರಲಿಲ್ಲ, ಆದರೆ ನುಡಿಗಟ್ಟಿನಂಥವುಗಳಿಂದ ದೂರವಿರುತ್ತಿದ್ದರು.

ಕನ್ನಡದಲ್ಲಿ ಇಂಥ ರಚನೆ ಇಲ್ಲವೇ? ಬೇರೆ ರೂಪದಲ್ಲಿದೆ. ಕನ್ನಡ ಕ್ರಿಯಾಪದದ ಬೆನ್ನಿಗೆ ಇನ್ನೊಂದು ಕ್ರಿಯಾಪದವನ್ನು ಹತ್ತಿಸುತ್ತದೆ: 'ಟೈ ಅಪ್' ಕಟ್ಟಿಹಾಕು, 'ರೈಟ್ ಡೌನ್' ಬರೆದಿಡು, 'ಈಟ್ ಅಪ್' ತಿಂದುಬಿಡು, 'ಟರ್ನ್ ಆನ್' ತಿರುಗಿಬೀಳು, ದಾರಿಯಲ್ಲಿ 'ಬ್ರೇಕ್ ಡೌನ್' ಆದ ಬಸ್ಸು ಕೆಟ್ಟುನಿಲ್ಲುತ್ತದೆ. ಹಾಕು, ಇಡು, ಬಿಡು, ಬೀಳು, ನಿಲ್ಲು ತಮ್ಮ ಸ್ವಂತ ಅರ್ಥವನ್ನು ಅರ್ಧ ಕಳೆದುಕೊಂಡು ಕೆಲಸದ ಮುಗಿವನ್ನೋ ರೀತಿಯನ್ನೋ ಸೂಚಿಸುತ್ತವೆ. ಮೇಲಾಗಿ 'ಬಂದುಬಿಟ್ಟ' ಎಂಬಲ್ಲಿ ಹೇಳುವವರ ಅಚ್ಚರಿಯೂ ಅಸಮಾಧಾನವೂ ಸೇರಬಹುದು. 'ಅಪ್', 'ಔಟ್'ಗಳು ಅಷ್ಟು ಹೊರುವುದಿಲ್ಲ. ದಿಕ್ಕಿನ ಪದವೇ ಕ್ರಿಯಾಪದಕ್ಕೆ ಸೇರಿದ ಹೊರಬೀಳು, ಹಿಂತೆಗೆ, ಒಳಗೊಳ್ಳು, ಮುಂದೂಡು ಕೂಡ ನಮ್ಮಲ್ಲಿವೆ. ಫಲಿತಾಂಶ ಹೊರಬೀಳುವುದು 'ಕಮ್ ಔಟ್' ಎಂಬುದರ ಜೊತೆ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ. ಇದನ್ನು ತರಗತಿಯಲ್ಲಿ ತೋರಿಸಿದರೆ ಹೆದರಿಕೆ ಅರ್ಧ ಇಳಿದೀತು. ಹಾಗೆ ತೋರಿಸುವ ಪಠ್ಯಗಳು ವಿರಳ.

ಭಾರತೀಯ ಇಂಗ್ಲಿಷ್ ಈ ರಚನೆಗಳನ್ನು ತನ್ನದೇ ರೀತಿಯಲ್ಲಿ ಬೆಳೆಸಿದೆ. 'ಕೋಪ್ ಅಪ್ ವಿತ್' ಹುಟ್ಟಿದ್ದು 'ಕೀಪ್ ಅಪ್ ವಿತ್' ಎಂಬುದರ ನೆರಳಿನಲ್ಲಿ. 'ಡಿಸ್ಕಸ್ ಅಬೌಟ್' ಹುಟ್ಟಿದ್ದು 'ಟಾಕ್ ಅಬೌಟ್' ಎಂಬುದರ ನೆರಳಿನಲ್ಲಿ. ವ್ಯಾಕರಣಜ್ಞರು ತಪ್ಪೆನ್ನುವ ಇವುಗಳ ಒಳಗೂ ಇಂಗ್ಲಿಷಿನದೇ ತರ್ಕ ಕೆಲಸ ಮಾಡಿದೆ. ಕಾಲೇಜಿನಿಂದ 'ಪಾಸ್ ಔಟ್' ಆದೆ ಎಂದರೆ ಇಲ್ಲಿ ಪದವಿ ಮುಗಿಸಿದ್ದು. ಲಂಡನ್ನಿನಲ್ಲಿ ಅದೇ ಮಾತಿಗೆ ಪ್ರಜ್ಞೆ ತಪ್ಪಿತೆಂದು ತಿಳಿಯುತ್ತಾರೆ, ಸೈನಿಕ ಶಾಲೆಯ ಸಂದರ್ಭ ಬಿಟ್ಟು. ಸರ್ಕಾರಿ ಕಚೇರಿಗಳಲ್ಲಿ ಕಡತವನ್ನು ಮೇಲಧಿಕಾರಿಗೆ ಮಂಡಿಸುವುದು 'ಪುಟ್ ಅಪ್'; ವಿಧಾನಸೌಧದ ಕನ್ನಡದಲ್ಲಿಯೂ 'ಫೈಲ್ ಪುಟಪ್ ಮಾಡಿ' ಎನ್ನುತ್ತಾರೆ.

ಕನ್ನಡ ಇವುಗಳಿಂದ ನಾಮಪದಗಳನ್ನು ಧಾರಾಳವಾಗಿ ತೆಗೆದುಕೊಂಡಿದೆ: ಚೆಕಪ್, ಮೇಕಪ್, ಸೆಟಪ್, ಬ್ಯಾಕಪ್, ಕಟೌಟ್, ಲಾಕ್‌ಡೌನ್. ಕ್ರಿಯಾಪದ ಬೇಕಾದಾಗ 'ಮಾಡು' ಸೇರಿಸುತ್ತದೆ. ಇದಕ್ಕಿಂತ ಸ್ವಾರಸ್ಯವಾದದ್ದು ಸ್ವಿಚ್ಚಿನ ವಿಷಯ. ಇಂಗ್ಲಿಷಿನ 'ಸ್ವಿಚ್ ಆನ್', 'ಟರ್ನ್ ಆಫ್' ಎಂಬಲ್ಲಿ ಕ್ರಿಯಾಪದವನ್ನು ಬಿಟ್ಟು ಚಿಕ್ಕ ಪದವನ್ನಷ್ಟೇ ಎತ್ತಿಕೊಂಡು 'ಫ್ಯಾನ್ ಆನ್ ಮಾಡು', 'ಲೈಟ್ ಆಫ್ ಮಾಡು' ಎನ್ನುತ್ತೇವೆ. ಅರ್ಥದ ಭಾರ ಯಾವ ಪದದ ಮೇಲಿದೆ ಎಂಬುದನ್ನು ಇಂಗ್ಲಿಷ್ ಬಾರದ ಕನ್ನಡಿಗರು ಕೂಡ ಸರಿಯಾಗಿಯೇ ಹಿಡಿದರು.

ದಿಕ್ಕುಗಳು ನೇರ ಡಿಕ್ಕಿ ಹೊಡೆಯುವುದು ಸಭೆಯ ದಿನಾಂಕ ಬದಲಿಸುವಾಗ. ಕನ್ನಡದಲ್ಲಿ ಸಭೆಯನ್ನು ಮುಂದಕ್ಕೆ ಹಾಕಿದರೆ, ಮುಂದೂಡಿದರೆ, ಅದು ತಡವಾಗುತ್ತದೆ. ಇಂಗ್ಲಿಷಿನಲ್ಲಿ 'ಬ್ರಿಂಗ್ ಫಾರ್ವರ್ಡ್' ಮಾಡಿದರೆ ಬೇಗ ನಡೆಯುತ್ತದೆ. 'ಮೂವ್ ಫಾರ್ವರ್ಡ್' ವಿಷಯದಲ್ಲಂತೂ ಇಂಗ್ಲಿಷ್ ಮಾತೃಭಾಷೆಯವರಿಗೇ ಒಮ್ಮತವಿಲ್ಲ: ಬುಧವಾರದ ಸಭೆಯನ್ನು ಎರಡು ದಿನ 'ಫಾರ್ವರ್ಡ್' ಸರಿಸಲಾಗಿದೆ ಎಂದು ಮನೋವಿಜ್ಞಾನಿಗಳು ಹೇಳಿ ಕೇಳಿದಾಗ ಕೆಲವರು ಸೋಮವಾರ ಎಂದರು, ಕೆಲವರು ಶುಕ್ರವಾರ ಎಂದರು. ಕಾಲ ತಮ್ಮತ್ತ ಬರುತ್ತಿದೆ ಎಂದು ಭಾವಿಸುವವರಿಗೆ ಸೋಮವಾರ, ತಾವು ಕಾಲದಲ್ಲಿ ಮುನ್ನಡೆಯುತ್ತಿದ್ದೇವೆ ಎಂದು ಭಾವಿಸುವವರಿಗೆ ಶುಕ್ರವಾರ. ಭಾರತೀಯ ಇಂಗ್ಲಿಷಿನ 'ಪ್ರಿಪೋನ್' ಈ ಗೊಂದಲಕ್ಕೆ ಎಡೆಗೊಡುವುದಿಲ್ಲ. ಬಹುಕಾಲ ನಗೆಪಾಟಲಿಗೆ ಗುರಿಯಾಗಿದ್ದ ಈ ಪದವನ್ನು ಈಗ ಆಕ್ಸ್‌ಫರ್ಡ್ ನಿಘಂಟುಗಳು ಭಾರತೀಯ ಬಳಕೆಯೆಂದು ದಾಖಲಿಸಿವೆ.